ನೀಲಿ ದೋಣಿಯ ತೇಪೆ

ಹೊಳೆದಂಡೆಯ ಮಠಕ್ಕೆ ಒಂದು ಫೈಬರ್ ದೋಣಿ ಇತ್ತು. ಜನರನ್ನು ದಡದಿಂದ ದಡಕ್ಕೆ ಮುಟ್ಟಿಸುವ ಸೇವೆ ಶಿಷ್ಯ ಕರಿಸಿದ್ಧನದು.

ಒಂದು ದಿನ ಮಾತಿನ ಹುರುಪಿನಲ್ಲಿ ಅವನು ಮುಂದೆ ನೋಡಲಿಲ್ಲ. ದೋಣಿ ಬಂಡೆಗೆ ಬಡಿದು ತಳ ಸೀಳಿತು. ಉಳಿದವರೆಲ್ಲ ಹೇಗೋ ಈಜಿ ಪಾರಾದರು. ನೀಲವ್ವ ಎಂಬ ಮುದುಕಿ ಮಾತ್ರ ನೀರು ಕುಡಿದು ಎರಡು ದಿನ ಕಣ್ಣು ಬಿಡಲಿಲ್ಲ.

ಬದುಕಿಕೊಂಡಳು, ಪುಣ್ಯ. ಆದರೆ ತುಂಬು ಬಸುರಿ ಮಗಳು ಆಚೆ ದಡದಲ್ಲಿದ್ದರೂ ದೋಣಿ ಹತ್ತುವ ಮಾತೆತ್ತಲಿಲ್ಲ. ಕರಿಸಿದ್ಧನಿಗೆ ಅನ್ನ ಸೇರಲಿಲ್ಲ.

ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಬೈಯಲಿಲ್ಲ. ಹುಟ್ಟು ತೆಗೆದು ಒಳಗಿಟ್ಟರು.

"ಒಡದಾಂವ ನೀನು. ನೀನ ಕೂಡಸು."

"ನನಗ ಈ ಕೆಲಸ ಬರಂಗಿಲ್ರಿ, ಅಜ್ಜಾರ."

"ಒಡಿಯೋದು ಯಾರ ಕಡೆ ಕಲ್ತಿದ್ದಿ?"

ಅವನು ಬಿರುಕಿನ ಮೇಲೆ ರೆಸಿನ್ ಅಂಟು ಸುರಿದು, ಒಣಗಿದ ಮೇಲೆ ಕರೆದ. ಅಜ್ಜಾರು ಕಲ್ಲಿನಿಂದ ಸುತ್ತಲೂ ತಟ್ಟಿದರು.

"ಇಲ್ಲಿ ಟಣ್ ಅಂತೈತಿ. ಇಲ್ಲಿ ದಬ್ ಅಂತೈತಿ, ಒಳಗ ಟೊಳ್ಳು. ದಬ್ ಅನ್ನೋದಷ್ಟೂ ಕೆರಿ."

ಕೆರೆದ. ಗೇಣುದ್ದದ ಬಿರುಕು ಮೊರದಗಲದ ತೂತಾಯಿತು. ಫೈಬರಿನೊಳಗಿನ ಗಾಜಿನ ಪುಡಿ ಮೈಗೆ ಹತ್ತಿ, ಹೊಳೆಯಲ್ಲಿ ಮೂರು ಸಲ ಮುಳುಗಿದರೂ ತುರಿಕೆ ಹೋಗಲಿಲ್ಲ.

ಮರುದಿನ ಅಂಟಿಗೆ ಗಟ್ಟಿ ಮಾಡುವ ಔಷಧಿ ಬೆರೆಸಿದ. ಬೇಗ ಆಗಲೆಂದು ಎರಡು ಪಾಲು ಸುರಿದುಬಿಟ್ಟ. ಡಬ್ಬಿ ಕೈ ಸುಟ್ಟಿತು, ಹೊಗೆಯಾಡಿತು. ನೋಡುವಷ್ಟರಲ್ಲಿ ಅಂಟು ಕಲ್ಲಾಗಿತ್ತು.

ಅಜ್ಜಾರು ಡಬ್ಬಿಯನ್ನು ಬೋರಲು ಹಾಕಿದರು. ಒಂದು ಹನಿಯೂ ಬೀಳಲಿಲ್ಲ.

"ಲಗೂನ ಆತಲ್ಲಪಾ," ಎಂದರು.

ಆಮೇಲೆ ಅವನು ಅವಸರ ಬಿಟ್ಟ. ಅಳೆದು ಬೆರೆಸಿದ. ಗಾಜುನಾರಿನ ಬಟ್ಟೆಯನ್ನು ಪದರದ ಮೇಲೆ ಪದರ ಕೂರಿಸಿ, ಒಣಗುವ ತನಕ ಪಕ್ಕದಲ್ಲೇ ಕಾದ. ಕಡೆಗೆ ತಟ್ಟಿದಲ್ಲೆಲ್ಲ ಟಣ್ ಎಂದಿತು. ಅವನಿಗೆ ಅಳು ಬಂತು.

ಆ ಸಂತೋಷದಲ್ಲೇ ತೇಪೆಯನ್ನು ಉಜ್ಜಿ ನುಣುಪು ಮಾಡಿ, ಇಡೀ ದೋಣಿಗೆ ನೀಲಿ ಬಣ್ಣ ಬಳಿದ.

"ತೇಪಿ ಎಲ್ಲೈತೋ?"

"ಕಾಣಂಗಿಲ್ರಿ, ಅಜ್ಜಾರ."

ಅಂಗೈ ಆಡಿಸಿದರೂ ಅವರಿಗೆ ಸಿಗಲಿಲ್ಲ. "ಛಲೋ ಮಾಡೀದಿ. ಈಗ ತೇಪಿ ಮ್ಯಾಲಿನ ಬಣ್ಣ ತಗಿ."

ಕರಿಸಿದ್ಧನ ಮುಖ ಸಪ್ಪಗಾಯಿತು. "ನನ್ನ ತಪ್ಪು ಮಂದಿಗೆ ಎದ್ದು ಕಾಣತೈತ್ರಿ."

ಅಜ್ಜಾರು ಉಜ್ಜುವ ಕಾಗದ ಅವನ ಮುಂದಿಟ್ಟು, ಹುಟ್ಟು ತಂದು ದೋಣಿಗೆ ಒರಗಿಸಿದರು.

ಮರುದಿನ ಬೆಳಿಗ್ಗೆ ನೀಲವ್ವ ಬಂದಳು. ಮಗಳಿಗೆ ಹೆರಿಗೆ ನೋವು ಶುರುವಾಗಿತ್ತು. ಸೇತುವೆ ಸುತ್ತಿ ಹೋದರೆ ಸಂಜೆಯಾಗುತ್ತಿತ್ತು. ನೀಲಿ ದೋಣಿಯೊಳಗಿನ ಮಾಸಲು ತೇಪೆಯನ್ನು ನೋಡುತ್ತಾ ನಿಂತಳು. ಬಗ್ಗಿ ಹೆಬ್ಬೆರಳಿನಿಂದ ಒತ್ತಿದಳು.

"ಇಲ್ಲೇ ಒಡದಿತ್ತೇನೋ?"

"ಹೂನವ್ವ. ನಾನ ಒಡದಿದ್ದೆ." ಈ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

"ಈಗ?"

"ಗಟ್ಟಿ ಐತಿ."

ಮುದುಕಿ ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತಿದಳು.

ಅವಳನ್ನು ದಡ ಮುಟ್ಟಿಸಿ ಬಂದವನೇ ಕರಿಸಿದ್ಧ ಅಜ್ಜಾರ ಕಾಲು ಹಿಡಿದ.

"ಆಕಿ ಹತ್ತಿದಳ್ರಿ! ದಡ ಮುಟ್ಟೂತನಕ ತೇಪಿ ಮ್ಯಾಲಿನ ಕಣ್ಣ ತಗೀಲಿಲ್ಲ."

"ನೀನು?"

"ನಾನೂ ಅಷ್ಟರಿ. ಹನಿ ನೀರು ಜಿನುಗೀತೇನೋ ಅಂತ ಅದನ್ನ ನೋಡಕೋಂತ ಹುಟ್ಟು ಹಾಕಿದೆ. ಇನ್ನ ಸಾಯೂತನಕ ಅದರ ಮ್ಯಾಲಿನ ಕಣ್ಣು ತಗಿಯಂಗಿಲ್ರಿ."

ಅಜ್ಜಾರು ಅವನನ್ನು ಎಬ್ಬಿಸಿ ನಿಲ್ಲಿಸಿದರು.

"ಹಂಗಾರ ಹೊಳಿ ನೋಡಿದವರು ಯಾರು?"