ಹೊಸ ಬಕೆಟ್ಟಿನ ಸಾರು

ಅಧ್ಯಕ್ಷ ಜವರಪ್ಪನವರ ಕಾರಿನಲ್ಲಿ ಬ್ಯಾಟರಿಯ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಹೆಡ್‌ಲೈಟು ಮಂಕಾಗಿತ್ತು. ಹಾರ್ನು ಕುರಿಮರಿಯಂತೆ ಅರಚುತ್ತಿತ್ತು.

"ಆಲ್ಟರ್ನೇಟರ್ ಕೆಟ್ಟೋಗೈತೆ ಯಜಮಾನ್ರೇ, ರಿಪೇರಿ ಮಾಡಿಸ್ಬೇಕು," ಅಂದ ಡ್ರೈವರ್.

"ಬ್ಯಾಟರಿ ಹೊಸದು ಕಣಯ್ಯ! ಅದಿದ್ದ ಮೇಲೆ ಇನ್ನೇನು ಬೇಕು? ಇನ್ನೊಂದ್ಸಲ ಆ ಮಾತೆತ್ತಿದ್ರೆ ಕೆಲಸದಿಂದ ಕಿತ್ತಾಕ್ತೀನಿ. ನಡಿ, ಬೀಗರೂಟಕ್ಕೆ ಹೊತ್ತಾಯ್ತು."

ಡ್ರೈವರ್ ಕಾರು ಹೊರಡಿಸಿದ. ಕಾರು ಹೇಗೋ ಬೀಗರ ಮನೆ ಮುಟ್ಟಿತು. ಅಲ್ಲಿ ಅವನೇ ಮುಂದೆ ಬಿದ್ದು ಪಂಕ್ತಿಗೆ ಸಾರು ಬಡಿಸಲು ನಿಂತ. ಫಳಫಳ ಹೊಳೆಯುವ ಹೊಸ ಬಕೆಟ್ಟು. ಅಧ್ಯಕ್ಷರ ಎಲೆಗೆ ಬರುವ ಮೊದಲೇ ಖಾಲಿಯಾಯಿತು. ಆದರೂ ಅವನು ಒಲೆಯ ಕಡೆ ಸುಳಿಯಲಿಲ್ಲ. ಖಾಲಿ ಬಕೆಟ್ಟಿಗೇ ಸೌಟು ಅದ್ದಿ ಜವರಪ್ಪನವರ ಮುದ್ದೆಯ ಮೇಲೆ ಬಗ್ಗಿಸಿದ. ಒಂದು ಹನಿ ಬಿತ್ತು.

"ಸಾರೆಲ್ಲಯ್ಯ?"

"ಬಕೆಟ್ಟು ಹೊಸದು ಯಜಮಾನ್ರೇ."

"ಹೊಸದಾದ್ರೆ ಸಾರು ಅದ್ರಲ್ಲೇ ಹುಟ್ತದಾ? ಖಾಲಿಯಾದಂಗೆಲ್ಲ ತುಂಬೋರು ಇರ್ಬೇಕಲ್ಲ, ಪೆದ್ದ!"

"ಅದೇ ಯಜಮಾನ್ರೇ. ನಮ್ಮ ಬ್ಯಾಟರಿನೂ ಬಕೆಟ್ಟೇ. ಅದಕ್ಕೆ ಕರೆಂಟು ತುಂಬೋನು ಆಲ್ಟರ್ನೇಟರ್."

ಪಂಕ್ತಿಗೆ ಪಂಕ್ತಿಯೇ ಗೊಳ್ಳೆಂದಿತು. ಜವರಪ್ಪ ಬೀಗರ ಮುಖ ನೋಡಿದರು. ಒಣ ಮುದ್ದೆ ನೋಡಿದರು. ಮೀಸೆಯಡಿ ನಗು ತಡೆಯಲಾಗಲಿಲ್ಲ.

"ಕಾರನ್ನ ಸಂಜೆ ಗ್ಯಾರೇಜಿಗೆ ಬಿಡು ಮಾರಾಯ. ಮುದ್ದೆ ಆರೋದ್ರೊಳಗೆ ಮೊದಲು ಈ ಬಕೆಟ್ಟಿಗೆ ಆಲ್ಟರ್ನೇಟರ್ ಹಾಕ್ಸು!"