ಹೊಸ್ತಿಲಲ್ಲಿ ಎತ್ತಿದ ಬೆರಳು

"ಗುರುಗಳೇ, ಮನಸ್ಸು ಶುದ್ಧವಾಗಿದ್ದೂ ಕೈಯಿಂದ ಕೇಡಾದರೆ, ಆ ಕೇಡು ಯಾರದು?" ಎಂದು ವಾಮನ ಕೇಳಿದ.

ಅಚ್ಯುತ ಗುರುಗಳು ಕನ್ನಡಕ ತೆಗೆದು ಅವನನ್ನು ನೋಡಿದರು. "ಯಾರಿಗೆ ಏನು ಮಾಡಿಟ್ಟೆ? ಅದನ್ನು ಮೊದಲು ಹೇಳು" ಎಂದರು.

ವಾಮನ ಹೇಳಿದ. ಆಶ್ರಮದ ಅಡಿಗೆಮನೆಯಲ್ಲಿ ಹದಿನಾರು ವರ್ಷ ದುಡಿದ ಅಂಬಕ್ಕ ಹಿಂದಿನ ದಿನ ಗಂಟು ಕಟ್ಟಿಕೊಂಡು ಹೊರಟುಹೋಗಿದ್ದಳು. ಅವಳ ಆಚಾರ ಸಡಿಲವಾಗುತ್ತಿದೆ ಎಂದು ವಾಮನ ಒಂದು ತಿಂಗಳಿಂದ ದಿನವೂ ತಿದ್ದುತ್ತಿದ್ದ. ಒಮ್ಮೆಯೂ ದನಿ ಏರಿಸಿರಲಿಲ್ಲ. ಅವಳ ಒಳ್ಳೆಯದಕ್ಕೇ ಹೇಳಿದ್ದ. ಹೋಗುವಾಗ ಅವಳು ಒಂದು ಮಾತನ್ನೂ ಆಡಿರಲಿಲ್ಲ.

"ಕೂತುಕೋ. ಒಬ್ಬ ಪುರೋಹಿತನ ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಶುರು ಮಾಡಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಪುರೋಹಿತನಿದ್ದ. ಆಚಾರವಂತ ಅಂದರೆ ಅಂಥಿಂಥ ಆಚಾರವಂತನಲ್ಲ. ಮಡಿಯಲ್ಲಿದ್ದಾಗ ಅವನ ನೆರಳಿಗೂ ಯಾರೂ ತಾಗುವಂತಿರಲಿಲ್ಲ. ಕೆಟ್ಟವನೇನೂ ಅಲ್ಲ. ಯಾರಿಗೂ ಒಂದು ಬಿರುಮಾತು ಆಡಿದವನಲ್ಲ. ಹೆಂಡತಿಯ ಮೇಲೆ ಅವನಿಗೆ ಜೀವ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಅವನ ಮೇಲೆ ತಪ್ಪು ತಿಳಿಯಬೇಡ.

ಆ ಹೆಂಡತಿ ಊರಿನ ಹೆಣ್ಣುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಒಂದು ದಿನ ಅವಳಿಗೆ ಲಕ್ವ ಹೊಡೆಯಿತು. ಬಾಯಿ ಹೋಯಿತು, ಬಲಗೈ ಹೋಯಿತು. ಎಡಗೈಗೆ ಬಳಪ ಹಿಡಿಯುವಷ್ಟು ಬಲವೂ ಉಳಿಯಲಿಲ್ಲ. ಒಂದು ಬೆರಳು ಮಾತ್ರ ಅವಳು ಹೇಳಿದಂತೆ ಕೇಳುತ್ತಿತ್ತು.

ಅವಳ ಪಾಠಗಳ ಹಳೆಯ ಕ್ಯಾಸೆಟ್‌ಗಳು ಮನೆಯಲ್ಲಿದ್ದವು. ಅವಳ ಬಳಿ ಓದಿದ್ದ ಒಬ್ಬಳು ಹೆಣ್ಣುಮಗಳು ಆ ಕ್ಯಾಸೆಟ್‌ಗಳಿಂದ ಅಕ್ಷರ ಅಕ್ಷರವಾಗಿ ದನಿಯನ್ನು ಬಿಡಿಸಿ, ಮನೆಯಲ್ಲಿದ್ದ ಕಂಪ್ಯೂಟರಿಗೆ ತುಂಬಿಕೊಟ್ಟಳು. ಹೆಂಡತಿ ಒಂದೇ ಬೆರಳಿನಿಂದ ಕೀಲಿ ಒತ್ತಿದರೆ ಕಂಪ್ಯೂಟರು ಅವಳದೇ ದನಿಯಲ್ಲಿ ಮಾತಾಡುತ್ತಿತ್ತು. ಮೊದಲ ದಿನ ಅದು "ಊಟಕ್ಕೆ ಏಳ್ರಿ" ಅಂದಾಗ ಪುರೋಹಿತ ಎಲೆಯ ಮುಂದೆ ಕೂತು ಅತ್ತ. ಅಂದಿನಿಂದ ಆ ಕಂಪ್ಯೂಟರನ್ನು ದೇವರ ಕೋಣೆಯಲ್ಲಿಟ್ಟ. ಕೀಲಿಗಳ ಮಣೆಯನ್ನು ಮಾತ್ರ ಉದ್ದ ವೈರಿನಲ್ಲಿ ನಡುಮನೆಗೆ ಎಳೆದುಕೊಟ್ಟ.

ದನಿ ತುಂಬಿಕೊಟ್ಟ ಹೆಣ್ಣುಮಗಳು ಮರುವರ್ಷವೇ ತೀರಿಕೊಂಡಳು. ಅವಳು ಮಾಡಿದ್ದನ್ನು ಬಿಚ್ಚಿ ಬೇರೆ ಯಂತ್ರಕ್ಕೆ ಕೂಡಿಸಬಲ್ಲವರು ಯಾರೂ ಸಿಗಲಿಲ್ಲ. ಅಂದರೆ ಆ ಕಂಪ್ಯೂಟರಿನ ಒಂದು ಹಳೆಯ ಡಬ್ಬಿ ಇರುವವರೆಗೆ ಹೆಂಡತಿಗೆ ಮಾತು. ಅದು ಹೋದರೆ ಇಲ್ಲ.

ವರ್ಷಗಳು ಹೋದಂತೆ ಡಬ್ಬಿ ನಿಧಾನವಾಯಿತು. ಒಂದು ಶಬ್ದ ಹೇಳಿ ಕಾಯುತ್ತಿತ್ತು. ಮತ್ತೊಂದು ಶಬ್ದ ಬರುವಷ್ಟರಲ್ಲಿ ಹಾಲು ಉಕ್ಕಿ ಒಲೆಗೆ ಚೆಲ್ಲಿರುತ್ತಿತ್ತು. ಪುರೋಹಿತನಿಗೆ ಸಂಕಟವಾಯಿತು. ಪೇಟೆಗೆ ಹೋಗಿ ಕಂಪ್ಯೂಟರ್ ಅಂಗಡಿಯವನನ್ನು ಕೇಳಿದ.

"ರ‍್ಯಾಮ್ ಸಾಲುತ್ತಿಲ್ಲ ಆಚಾರ್ರೇ" ಎಂದ ಅಂಗಡಿಯವನು. ಅಂಗೈ ಉದ್ದದ ಒಂದು ಹಸಿರು ಪಟ್ಟಿ ತೋರಿಸಿದ. ಯಂತ್ರ ತನ್ನ ಕೆಲಸವನ್ನು ಹರವಿಕೊಳ್ಳುವುದು ಇದರ ಮೇಲೆ. ಜಾಗ ಕಿರಿದಾದರೆ ಒಂದನ್ನು ಮಡಚಿಟ್ಟು ಇನ್ನೊಂದನ್ನು ಬಿಚ್ಚಬೇಕು, ಅದಕ್ಕೇ ತಡ. ಹಳೆಯ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಕೂರಿಸಿದರೆ ಸರಿಹೋಗುತ್ತದೆ. "ಡಬ್ಬಿಯನ್ನೇ ಇಲ್ಲಿಗೆ ತನ್ನಿ, ಹಾಕಿಕೊಡುತ್ತೇನೆ" ಎಂದ.

ದೇವರ ಕೋಣೆಯಲ್ಲಿರುವುದನ್ನು ಪೇಟೆಯ ಮೇಜಿನ ಮೇಲೆ ಇಡುವುದುಂಟೇ? ಪುರೋಹಿತ ಒಪ್ಪಲಿಲ್ಲ. ಅಂಗಡಿಯವನು ಮನೆಗೆ ಬಂದರೆ ದೇವರ ಕೋಣೆಗೆ ಬಿಡಬೇಕಾಗುತ್ತದೆ, ಅದೂ ಆಗದು. ಹೇಗೆ ಕೂರಿಸಬೇಕೆಂದು ತೋರಿಸು, ನಾನೇ ಮಾಡುತ್ತೇನೆ ಎಂದ. ಅಂಗಡಿಯಲ್ಲಿ ಅದೇ ಕಾಲದ ಒಂದು ಡಬ್ಬಿಯಿತ್ತು. ಅಂಗಡಿಯವನು ಅದರ ಕಬ್ಬಿಣದ ಮೈಯನ್ನು ಅಂಗೈಯಿಂದ ಒಮ್ಮೆ ಸವರಿ, ಪಟ್ಟಿಯನ್ನು ಅಂಚಿನಲ್ಲಿ ಹಿಡಿದು, ಅದು ಕೂರುವ ಸ್ಲಾಟಿನ ಎರಡೂ ಕಿವಿಗಳು ಟಕ್ಕೆನ್ನುವವರೆಗೆ ಒತ್ತಿದ. ಪರದೆ ಬೆಳಗಿತು. ಡಬ್ಬಿಯನ್ನು ಸವರಿದ್ದನ್ನು ಕಂಡು ಪುರೋಹಿತನಿಗೆ ಸಂತೋಷವಾಯಿತು. ಇವನೂ ಕೆಲಸಕ್ಕೆ ಮುಂಚೆ ನಮಸ್ಕಾರ ಮಾಡುತ್ತಾನಲ್ಲ ಅಂದುಕೊಂಡ.

ಅದು ಮಾಘದ ಕೊನೆ. ತುಟಿ ಒಡೆಯುವಂಥ ಒಣಗಾಳಿ. ಮರುದಿನ ಪುರೋಹಿತ ತಲೆಗೆ ನೀರು ಹಾಕಿಕೊಂಡು, ಮಡಿಯ ರೇಷ್ಮೆ ಉಟ್ಟು, ಉಣ್ಣೆಯ ಧಾಬಳಿ ಹಾಸಿ ಅದರ ಮೇಲೆ ಕೂತ. ಡಬ್ಬಿಗೆ ಭಕ್ತಿಯಿಂದ ಕೈ ಮುಗಿದ. ಮುಚ್ಚಳ ಬಿಚ್ಚಿ ಪಟ್ಟಿ ಒತ್ತಿದ. ಟಕ್ಕೆಂದಿತು. ಪರದೆ ಬೆಳಗಿತು.

ಒಂದು ತಾಸು ಎಲ್ಲ ಚೆನ್ನಾಗಿತ್ತು. ಹೆಂಡತಿ ನಡುಮನೆಯಲ್ಲಿ ಕೂತು "ಎಷ್ಟು ಅಂತ ಒದ್ದಾಡುತ್ತೀರಿ, ಸಾಕು ಬಿಡಿ" ಎಂದು ಒತ್ತಿದಳು. ದನಿ ಸರಾಗವಾಗಿ ಬಂತು. ಇಬ್ಬರೂ ನಕ್ಕರು. ಅವಳು ಹಿತ್ತಲಿಗೆ ಹೋದಳು. ಪುರೋಹಿತ ಹೂವು ಬಿಡಿಸುತ್ತ ಕೂತ. ಆಗ ದೇವರ ಕೋಣೆಯಿಂದ ದನಿ ಬಂತು.

"ಬಿಡಿ" ಎಂದಿತು. ಸ್ವಲ್ಪ ಹೊತ್ತು ಬಿಟ್ಟು "ಬಿಡಿ, ಬಿಡಿ" ಎಂದಿತು.

ಅವನು ನಡುಮನೆಗೆ ಬಂದು ನೋಡಿದ. ಕೀಲಿಯ ಮಣೆಯ ಮುಂದೆ ಯಾರೂ ಇರಲಿಲ್ಲ. ದನಿ ಹೆಂಡತಿಯದೇ, ಆದರೆ ಅವಳು ಹಿತ್ತಲಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. "ಬಿಡಿ, ಬಿಡಿ, ಬಿಡಿ" ಎನ್ನುತ್ತ ದನಿ ಸಣ್ಣಗಾಯಿತು. ಆಮೇಲೆ ಪರದೆ ಕಪ್ಪಾಯಿತು. ಡಬ್ಬಿ ಪೀಂ, ಪೀಂ, ಪೀಂ ಎಂದು ಮೂರು ಸಲ ಕೂಗಿ ಸುಮ್ಮನಾಯಿತು.

ಬೇರೆ ಯಾರಾದರೂ ಆಗಿದ್ದರೆ ಪಟ್ಟಿ ಕೆಟ್ಟಿದೆ, ಒತ್ತಿದ್ದ ಶಬ್ದವೇ ಸಿಕ್ಕಿಕೊಂಡು ತಿರುಗುತ್ತಿದೆ ಅಂದುಕೊಳ್ಳುತ್ತಿದ್ದರು. ಅವನು ಹಾಗೆ ಅಂದುಕೊಳ್ಳಲಿಲ್ಲ. ಯಾರೋ ಒಳಗೆ ಸಿಕ್ಕಿಬಿದ್ದು ಬಿಡಿಸಿಕೊಳ್ಳಲು ಬೇಡುತ್ತಿದ್ದಾರೆ ಎಂದೇ ಅವನಿಗೆ ಕೇಳಿಸಿತು.

ಹೊಸ ಪಟ್ಟಿ ತೆಗೆದು ಹಳೆಯದನ್ನೊಂದೇ ಹಾಕಿದ. ಡಬ್ಬಿ ಎದ್ದಿತು. ಸದ್ಯ, ಅಂದುಕೊಂಡ. ಹೊಸದನ್ನು ಪೇಟೆಗೆ ಒಯ್ದ. ಅಂಗಡಿಯ ಡಬ್ಬಿಯಲ್ಲಿ ಅದು ಏಳಲಿಲ್ಲ. ಅಂಗಡಿಯವನು ಪಟ್ಟಿಯ ಬುಡದ ಲೋಹದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ನೋಡಿದ, ಸ್ಲಾಟು ಬದಲಿಸಿ ನೋಡಿದ. ಪ್ರಯೋಜನವಾಗಲಿಲ್ಲ. "ನಿನ್ನೆ ನಿಮ್ಮೆದುರೇ ಬದುಕಿತ್ತಲ್ಲ ಆಚಾರ್ರೇ" ಎಂದು ಬೇರೆ ಕೊಟ್ಟ. ಅದನ್ನೂ ಮೊದಲು ಎದುರಿಗೇ ಬೆಳಗಿಸಿ ತೋರಿಸಿದ.

ಎರಡನೆಯದು ಮನೆಯಲ್ಲಿ ಒಮ್ಮೆಯೂ ಏಳಲಿಲ್ಲ. ಮೂರನೆಯದೂ ಏಳಲಿಲ್ಲ. ಪೇಟೆಯಲ್ಲಿ ಬದುಕಿದ್ದದ್ದು ಅವನ ಮನೆಯಲ್ಲಿ ಸಾಯುತ್ತಿತ್ತು. ಪುರೋಹಿತ ಕ್ರಮವಾಗಿಯೇ ಹುಡುಕಿದ, ಅದರಲ್ಲಿ ಅವನನ್ನು ದೂರುವಂತಿಲ್ಲ. ಒಂದೊಂದನ್ನೇ ತೆಗೆದು ನೋಡಿದ. ಸ್ಲಾಟು ಬದಲಿಸಿದ, ವೈರು ಬದಲಿಸಿದ, ಗೋಡೆಯ ಪ್ಲಗ್ಗು ಬದಲಿಸಿದ. ತಪ್ಪು ಯಾವುದರಲ್ಲೂ ಸಿಗಲಿಲ್ಲ. ಪ್ರತಿ ಸಲವೂ ಇನ್ನೂ ಕಟ್ಟುನಿಟ್ಟಾಗಿ ಮಿಂದು, ಇನ್ನೊಂದು ರೇಷ್ಮೆ ಉಟ್ಟು, ಅದೇ ಧಾಬಳಿಯ ಮೇಲೆ ಕೂರುತ್ತಿದ್ದ. ಏಳುವಾಗ ಬಟ್ಟೆ ಚಟಚಟ ಅನ್ನುತ್ತಿತ್ತು. ಬಾಗಿಲ ಚಿಲಕ ಮುಟ್ಟಿದರೆ ಮುಳ್ಳು ಚುಚ್ಚಿದಂತಾಗುತ್ತಿತ್ತು. ಮನೆಯೊಳಗೆ ಏನೋ ಸೇರಿಕೊಂಡಿದೆ, ಅದಕ್ಕೆ ನಾನಿಲ್ಲಿರುವುದು ಇಷ್ಟವಿಲ್ಲ ಎಂದು ಅವನಿಗೆ ಗಟ್ಟಿಯಾಗುತ್ತ ಬಂತು.

ನಾಲ್ಕನೆಯ ಪಟ್ಟಿಯ ದಿನ ಹೆಂಡತಿ ದೇವರ ಕೋಣೆಯ ಹೊಸ್ತಿಲಿಗೆ ಬಂದು ನಿಂತಳು. ಡಬ್ಬಿ ಆರಿಸಿತ್ತು, ಕೀಲಿ ಒತ್ತಿದರೂ ಅವಳಿಗೆ ಮಾತಿರಲಿಲ್ಲ. ಅವನು ಪಟ್ಟಿ ಎತ್ತಿಕೊಂಡ. ಅವಳ ಗಂಟಲಿನಿಂದ ಒಂದು ಸದ್ದು ಬಂತು. ಮನುಷ್ಯರ ಸದ್ದಿನಂತಿರಲಿಲ್ಲ. ಅವನು ತಿರುಗಿ ನೋಡಿದ. ಅವಳು ಎಡಗೈ ಎತ್ತಿ, ಆ ಒಂದು ಬೆರಳನ್ನು ಅವನ ಕಡೆಗೆ ಚಾಚಿದ್ದಳು. ಕಣ್ಣು ಮಿಟುಕಿಸಲಿಲ್ಲ. ಬೆರಳು ಅವನ ಎದೆಯಿಂದ ಕೆಳಕ್ಕೆ ಇಳಿಯಿತು, ಮತ್ತೆ ಮೇಲಕ್ಕೆ ಬಂತು.

"ಇವಳೇ, ಮಡಿಯಲ್ಲಿದ್ದೇನೆ. ದೂರ ಇರು" ಎಂದ.

ಅವಳು ಹೋಗಲಿಲ್ಲ. ಬೆರಳು ಇಳಿಸಲಿಲ್ಲ. ಅವನು ಪಟ್ಟಿ ಒತ್ತಿದ. ಡಬ್ಬಿ ಮೂರು ಸಲ ಕೂಗಿತು.

ಮೂವತ್ತು ವರ್ಷ ಜೊತೆಗೆ ಬಾಳಿದವಳನ್ನು ಕಂಡು ಅವನಿಗೆ ಹೆದರಿಕೆಯಾಯಿತು. ಅದು ಅವಳಲ್ಲೇ ಸೇರಿಕೊಂಡಿದೆ. ಅವಳು ಬಂದು ಬೆರಳು ತೋರಿಸುತ್ತಾಳೆ, ಪಟ್ಟಿ ಸಾಯುತ್ತದೆ. ಮೊದಲ ಮೂರು ಸಲ ಅವಳು ಹೊಸ್ತಿಲಲ್ಲಿ ಇರಲಿಲ್ಲವಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಹೆದರಿದವನಿಗೆ ಲೆಕ್ಕ ಎಲ್ಲಿ ನೆನಪಿರುತ್ತದೆ?

ಆದರೂ ಅವನು ಒಳ್ಳೆಯವನು ನೋಡು. ಬೈಯಲಿಲ್ಲ, ಹೊಡೆಯಲಿಲ್ಲ. ಅವಳ ದನಿಯನ್ನು ಅವಳಿಂದಲೇ ಕಾಪಾಡಬೇಕು ಅಂದುಕೊಂಡು ಡಬ್ಬಿಯನ್ನು ಮತ್ತೆ ಹಚ್ಚದೆ ಬಿಟ್ಟ. ಪಕ್ಕದ ಓಣಿಯಲ್ಲಿ ಅವಳ ಅಕ್ಕನ ಮನೆ. ಬೆಳಗ್ಗೆ ಅಲ್ಲಿಗೆ ಕರೆದೊಯ್ದು, ಮನೆಯಲ್ಲಿ ಶಾಂತಿ ಮಾಡಿಸಬೇಕು, ಒಂದು ದಿನ ಇಲ್ಲಿರಲಿ ಎಂದ. ಹೊರಡುವಾಗ ಅವಳು ಅವನ ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಂಡು ಎಳೆದಳು. ಅವನು ಮೆಲ್ಲನೆ ಬಿಡಿಸಿಕೊಂಡು ಬಂದ.

ಮನೆಯ ಬಾಗಿಲು ಹಾಕಿದ. ಮನೆಗೆಲ್ಲ ಗೋಮೂತ್ರ ಚಿಮುಕಿಸಿದ. ಮತ್ತೆ ಮಿಂದ. ಪೆಟ್ಟಿಗೆಯಲ್ಲಿದ್ದ ಮದುವೆಯ ರೇಷ್ಮೆ ತೆಗೆದು ಉಟ್ಟ, ಅದಕ್ಕಿಂತ ಶುದ್ಧವಾದದ್ದು ಅವನ ಬಳಿ ಇರಲಿಲ್ಲ. ಧಾಬಳಿಯ ಮೇಲೆ ಕೂತು ನೂರೆಂಟು ಸಲ ಜಪ ಮಾಡಿದ. ಈಗ ಮನೆಯಲ್ಲಿ ಯಾರೂ ಇಲ್ಲ. ಐದನೆಯದನ್ನು ತರುವ ಮೊದಲು ಹಳೆಯ ಪಟ್ಟಿಯನ್ನು ತೆಗೆದು ಒರೆಸಿಡೋಣ ಅಂದುಕೊಂಡ. ಆ ಮನೆಯಲ್ಲಿ ಇನ್ನೂ ಬದುಕಿದ್ದ ಪಟ್ಟಿ ಅದೊಂದೇ. ಇಷ್ಟು ದಿನ ಅವನು ಅದನ್ನು ಅಂಚಿನಲ್ಲೇ ಹಿಡಿಯುತ್ತಿದ್ದ. ಅಂದು ಹೊರಗೆ ತೆಗೆದಿಟ್ಟು ಹಲ್ಲುಗಳನ್ನು ಒರೆಸಲೆಂದು ನೇರವಾಗಿ ಬೆರಳು ಚಾಚಿದ.

ಕಿಟಕಿ ಮುಚ್ಚಿದ್ದರಿಂದ ಕೋಣೆ ಮಬ್ಬಾಗಿತ್ತು. ಬೆರಳು ಇನ್ನೂ ತಾಗಿರಲಿಲ್ಲ. ಬೆರಳ ತುದಿಯಿಂದ ಒಂದು ನೀಲಿ ಕಿಡಿ ಚಟ್ಟೆಂದು ಹಾರಿ ಪಟ್ಟಿಯೊಳಗೆ ಹೋಯಿತು.

ಅವನು ತಿರುಗಿ ಹೊಸ್ತಿಲು ನೋಡಿದ. ಅಲ್ಲಿ ಯಾರೂ ಇರಲಿಲ್ಲ.

ಕೈ ನೋಡಿಕೊಂಡ. ತೋಳಿನ ಕೂದಲೆಲ್ಲ ನೆಟ್ಟಗೆ ನಿಂತಿದ್ದವು. ರೇಷ್ಮೆ ಕಾಲಿಗೆ ಅಂಟಿಕೊಂಡಿತ್ತು. ಸರಿಸಿದರೆ ಚಟಚಟ ಎಂದು ಮತ್ತೆ ಅಂಟಿತು. ರೇಷ್ಮೆಯೂ ಉಣ್ಣೆಯೂ ಒಣಗಾಳಿಯಲ್ಲಿ ಉಜ್ಜಿ ಉಜ್ಜಿ ಅವನ ಮೈಯಲ್ಲಿ ಮಿಂಚು ತುಂಬಿದ್ದವು. ಅಷ್ಟೂ ದಿನ ಅವನೇ ಅದನ್ನು ಬೆರಳಲ್ಲಿ ಹೊತ್ತು ತಂದು ಪಟ್ಟಿಗಳಿಗೆ ಇಳಿಸಿ ಅವನ್ನು ಸುಡುತ್ತಿದ್ದ. ಅಂಗಡಿಯವನು ಕಬ್ಬಿಣ ಸವರಿದ್ದು ನಮಸ್ಕಾರವಲ್ಲ, ಕೈಯ ಮಿಂಚನ್ನು ಮೊದಲು ಅದಕ್ಕೆ ಇಳಿಸಲು. ಮನೆಯಲ್ಲಿ ಎಲ್ಲವನ್ನೂ ತೆಗೆದು ತೆಗೆದು ನೋಡಿದ್ದ. ಹೆಂಡತಿಯನ್ನೂ ತೆಗೆದಿದ್ದ. ಉಳಿದವನು ಅವನೊಬ್ಬನೇ. ಅವಳ ಬೆರಳು ತೋರಿಸುತ್ತಿದ್ದುದು ಅವನ ಬಟ್ಟೆಯನ್ನು.

ಪಟ್ಟಿ ಬದುಕಿದೆಯೇ ನೋಡಲು ಅದನ್ನು ಒಳಗೆ ಒತ್ತಿದ. ಆ ಕೈಯಲ್ಲೂ ಮಿಂಚಿತ್ತು ಎಂಬುದು ಅವನಿಗೆ ಆಗಲೂ ನೆನಪಾಗಲಿಲ್ಲ. ಕಿಡಿ ಈ ಸಲ ಪಟ್ಟಿಗಳು ಕೂರುವ ಡಬ್ಬಿಯ ಮೂಲ ಹಲಗೆಗೇ ಹಾರಿತು. ಗುಂಡಿ ಒತ್ತಿದ. ಡಬ್ಬಿ ಕೂಗಲೂ ಇಲ್ಲ.

ಮಡಿ, ಮೈಲಿಗೆ ಯಾವುದನ್ನೂ ನೋಡದೆ ಅದನ್ನು ಎದೆಗವಚಿಕೊಂಡು ಪೇಟೆಗೆ ಓಡಿದ. ಅಂಗಡಿಯವನು ಮಧ್ಯಾಹ್ನದವರೆಗೆ ನೋಡಿ ಕೈಚೆಲ್ಲಿದ. ಹಲಗೆಯೇ ಹೋಗಿದೆ, ಇಂಥದ್ದು ಈಗ ಎಲ್ಲೂ ಸಿಗುವುದಿಲ್ಲ, ಅದಿಲ್ಲದೆ ಆ ದನಿ ಏಳುವುದಿಲ್ಲ ಎಂದ.

ಪುರೋಹಿತ ಡಬ್ಬಿಯನ್ನು ಮತ್ತೆ ಅದರ ಜಾಗದಲ್ಲಿಟ್ಟ. ಅಕ್ಕನ ಮನೆಗೆ ಹೋಗಿ ಹೆಂಡತಿಯನ್ನು ಕರೆತಂದ. ದಾರಿಯುದ್ದಕ್ಕೂ ಅವಳ ಕೈ ಹಿಡಿದಿದ್ದ. ಮನೆಯಲ್ಲಿ ಕೂರಿಸಿ ಎಲ್ಲವನ್ನೂ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ, ಅವಳಿಗೆ ಹೆದರಿದ್ದನ್ನೂ ಹೇಳಿದ. ಹೇಳಿ ಅವಳ ಕಾಲ ಬಳಿ ಕುಸಿದು ಕೂತ.

ಅವಳು ಕೇಳಿಸಿಕೊಂಡಳು. ಆಮೇಲೆ ಕೀಲಿಯ ಮಣೆಯನ್ನು ಹತ್ತಿರ ಎಳೆದುಕೊಂಡು, ಒಂದೇ ಬೆರಳಿನಿಂದ ಒತ್ತತೊಡಗಿದಳು. ಒಂದೊಂದೇ ಕೀಲಿ. ಕೀಲಿಗಳ ಮೇಲಿನ ಅಕ್ಷರಗಳು ಎಂದೋ ಸವೆದುಹೋಗಿದ್ದವು, ಯಾವುದು ಯಾವುದೆಂದು ಅವಳ ಬೆರಳಿಗೆ ಮಾತ್ರ ಗೊತ್ತಿತ್ತು. ಬಹಳ ಹೊತ್ತು ಒತ್ತಿದಳು. ನಡುವೆ ಒಮ್ಮೆ ನಿಲ್ಲಿಸಿ ಯೋಚಿಸಿದಳು, ಮತ್ತೆ ಒತ್ತಿದಳು. ಒಳಗೆ ಪರದೆ ಕಪ್ಪಗಿತ್ತು. ಕೀಲಿಗಳ ಸಣ್ಣ ಟಕ್ ಟಕ್ ಬಿಟ್ಟರೆ ಮನೆಯಲ್ಲಿ ಸದ್ದಿರಲಿಲ್ಲ. ಮುಗಿಸಿದಳು. ಹೇಳಬೇಕಾದ್ದನ್ನೆಲ್ಲ ಹೇಳಿದವಳಂತೆ ಅವನ ಮುಖ ನೋಡಿದಳು. ಉತ್ತರಕ್ಕೆ ಕಾದಳು.

ಅವನು "ಹೂಂ" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ವಾಮನ ತಡೆಯಲಾರದೆ ಕೇಳಿದ. "ಅವಳು ಒತ್ತಿದ್ದು ಏನು ಗುರುಗಳೇ? ಅವನ ಮನಸ್ಸಿನಲ್ಲಿ ಕೇಡಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತಲ್ಲ. ಕ್ಷಮಿಸಿದೆ ಎಂದೇ ಒತ್ತಿರಬೇಕು."

"ಅವಳ ಪರವಾಗಿ ಅವನೂ ಸಾಯುವವರೆಗೆ ಹಾಗೆಯೇ ಹೇಳಿಕೊಳ್ಳುತ್ತಿದ್ದ" ಎಂದರು ಗುರುಗಳು.