ಕೆಂಪಾಜಮ್ಮನ ಮನೆಗೆ ಜನರೇಟರು ಬಂದದ್ದು

ಬನ್ರಪ್ಪಾ, ಹತ್ರ ಕೂತ್ಕೊಳ್ಳಿ. ನಗೋದಾದ್ರೆ ನಗಿ, ಆದ್ರೆ ಆ ತಾಯಿ ಎದುರಿಗೆ ಮಾತ್ರ ನಗಬೇಡಿ.

ಒಂದೂರಲ್ಲಿ ಕೆಂಪಾಜಮ್ಮ ಅಂತ ಇದ್ಲು. ದೋಸೆ ಹಿಟ್ಟು ರುಬ್ಬಿ ಮಾರೋದೇ ಬದುಕು. ಅವಳಿಗೊಬ್ಬ ಮಗ, ಬೋರಲಿಂಗ. ಆಳೆತ್ತರ ಬೆಳೆದಿದ್ದ, ಬುದ್ಧಿ ಮಾತ್ರ ಮೊಣಕಾಲಿಗೇ ನಿಂತಿತ್ತು. ಊರಲ್ಲಿ ಕರೆಂಟು ಹೋದಾಗೆಲ್ಲ ಫ್ರಿಜ್ಜಲ್ಲಿದ್ದ ಹಿಟ್ಟು ಹುಳಿ! ಕೊನೆಗೆ ಮದುವೆ ಛತ್ರದವರು, “ಇನ್ನೊಂದ್ಸಲ ಹುಳಿ ಹಿಟ್ಟು ಕಳಿಸಿದ್ರೆ ನಿಮ್ಮ ಸಹವಾಸವೇ ಬೇಡ ತಾಯಿ” ಅಂದ್ಬಿಟ್ರು. ಛತ್ರದ ವ್ಯಾಪಾರ ಹೋದ್ರೆ ಒಲೆ ಹತ್ತೋದು ಹೇಗೆ?

ಗ್ಯಾಸ್ ಸಿಲಿಂಡರಲ್ಲಿ ಓಡೋ ಜನರೇಟರು ಹಾಕಿಸೋಣ ಅಂತ ಕೆಂಪಾಜಮ್ಮ ಲೆಕ್ಕ ಹಾಕಿದ್ಲು. ಜೀರಿಗೆ ಡಬ್ಬಿಲಿ ಮಷೀನಿನ ದುಡ್ಡು. ಮೆಂತ್ಯದ ಡಬ್ಬಿಲಿ ಅದನ್ನ ಕೂರಿಸೋ ಕಟ್ಟೆದು. ಸಾಸಿವೆ ಡಬ್ಬಿಲಿ ಪೈಪಿಂದು, ವೈರಿಂದು.

“ರುಬ್ಬೋದು ಬಿಟ್ಟು ನಾನೆಲ್ಲಿ ಹೋಗ್ಲಿ? ನೀನೇ ಹೋಗಿ ತಗೊಂಬಾರೋ. ಅಂಗಡಿಯವರ ಹತ್ರ ಎದುರು ಮಾತಾಡ್ಬೇಡ!”

ಬೋರಲಿಂಗ ಮೂರೂ ಡಬ್ಬಿ ಹೊತ್ಕೊಂಡು ಹೋದ. ಅಂಗಡಿಯವನು ರೇಟು ಹೇಳಿದ. ಹೇಳಿದಷ್ಟೂ ಕೊಟ್ಟ! ಚೌಕಾಸಿಗೆ ಅಂತಲೇ ಏರಿಸಿ ಹೇಳಿದ್ದ ಅಂಗಡಿಯವನೇ ಬೆಪ್ಪಾದ. ಜೀರಿಗೆ ಡಬ್ಬಿ ಖಾಲಿ, ಮೆಂತ್ಯದ ಡಬ್ಬಿ ಅರ್ಧ.

“ಅಯ್ಯೋ ನನ್ನ ಕರ್ಮವೇ! ಹೇಳಿದಷ್ಟೂ ಯಾರಾದ್ರೂ ಕೊಡ್ತಾರೇನೋ? ಅವರು ಹೇಳಿದ್ದರಲ್ಲಿ ಅರ್ಧಕ್ಕೆ ಇಳಿಸ್ಬೇಕು ಕಣೋ, ಅರ್ಧಕ್ಕೆ!”

“ಹಾಗೇ ಮಾಡ್ತೀನಿ ಅವ್ವ.”

ಮಾರನೇ ದಿನ ಗಾರೆ ಕೆಲಸದ ಮುನಿಯಣ್ಣ ಬಂದ. “ಕಟ್ಟೆ ನಾಲ್ಕಡಿ ಉದ್ದ ಬೇಕಪ್ಪ,” ಅಂದ.

“ಎರಡಡಿ ಮಾಡ್ಕೊಳ್ಳಿ!”

“ಮಷೀನು ಕೂರಲ್ಲವಲ್ಲೋ!”

“ಅದೆಲ್ಲ ಗೊತ್ತಿಲ್ಲ, ಎರಡಡಿಗೆ ಕೊಟ್ರೆ ಕೊಡಿ, ಇಲ್ಲಾಂದ್ರೆ ಬೇರೆಯವರನ್ನ ನೋಡ್ತೀನಿ!”

ಮುನಿಯಣ್ಣ ತಲೆ ಕೆರ್ಕೊಂಡು ಎರಡಡಿ ಕಟ್ಟಿ ಹೋದ. ಮಷೀನು ಇಟ್ರೆ ಅರ್ಧ ಕಟ್ಟೆ ಮೇಲೆ, ಅರ್ಧ ಗಾಳಿಲಿ! ಮತ್ತೆ ಇಟ್ಟಿಗೆ, ಮತ್ತೆ ಸಿಮೆಂಟು. ಮೆಂತ್ಯದ ಡಬ್ಬಿನೂ ಬರಿದು.

“ಥೂ ನಿನ್ನ! ಚೌಕಾಸಿ ದುಡ್ಡಲ್ಲಿ ಮಾಡೋ, ಅಳತೆಲಲ್ಲ! ಅಳತೆ ಯಾವತ್ತೂ ಒಂದು ಕೈ ಜಾಸ್ತಿನೇ ಇರ್ಬೇಕು!”

“ಆಯ್ತು ಅವ್ವ, ಜಾಸ್ತಿನೇ ಇರುತ್ತೆ.”

ಆಮೇಲೆ ಪೈಪಿನವನು ಬಂದ. “ಹಿತ್ತಲಲ್ಲಿ ಸಿಲಿಂಡರಿಂದ ಮಷೀನಿನವರೆಗೆ ಹತ್ತಡಿ ಅಗೆದಿಡಪ್ಪ, ಪೈಪು ಹೂಳ್ತೀನಿ,” ಅಂದು ಊಟಕ್ಕೆ ಹೋದ. ಬೋರಲಿಂಗ ಅಗೆದ. ಹತ್ತಡಿ ಆಯ್ತು. ಜಾಸ್ತಿ ಇರ್ಲಿ ಅಂತ ಇನ್ನೂ ಅಗೆದ. ಕಾಂಪೌಂಡು ಅಡ್ಡ ಬಂತು. ಅದರ ಕೆಳಗೂ ಅಗೆದ! ಆ ಕಡೆ ಪಕ್ಕದ ಮನೆ ಜಯಶೀಲಮ್ಮನ ತುಳಸಿಕಟ್ಟೆ ದಬಕ್ಕನೆ ಬಿತ್ತು.

ಜಯಶೀಲಮ್ಮ ಸೆರಗು ಸಿಕ್ಕಿಸ್ಕೊಂಡು ಬಂದ್ಲು. ಅವಳ ಬಾಯಿ ಮುಚ್ಚಿಸಿ, ಹೊಸ ತುಳಸಿಕಟ್ಟೆ ಕಟ್ಟಿಸೋಷ್ಟರಲ್ಲಿ ಸಾಸಿವೆ ಡಬ್ಬಿ ಅರ್ಧಕ್ಕಿಳೀತು. ಮಿಕ್ಕಿದ್ದು ಪೈಪಿಗೆ ಹೋಯ್ತು. ವೈರಿನವನಿಗೆ ಅಂತ ಕೆಂಪಾಜಮ್ಮ ಕಿವಿಯೋಲೆ ಬಿಚ್ಚಿಕೊಟ್ಲು.

“ನೋಡು, ಕಿವಿ ಬೋಳಾಯ್ತು! ಇನ್ಮೇಲೆ ಜಯಶೀಲಮ್ಮನ್ನ ಕೇಳದೆ ಹಿತ್ತಲಲ್ಲಿ ಏನಕ್ಕೂ ಕೈ ಹಾಕ್ಬೇಡ! ಅವರು ಹೂಂ ಅನ್ಬೇಕು, ಆಮೇಲೇ ಕೈ!”

“ಆಣೆಗೂ ಅವ್ವ.”

ಅಂತೂ ಜನರೇಟರು ಕೂತ್ಕೊಂತು. ಛತ್ರದಿಂದ ದೊಡ್ಡ ಆರ್ಡರೂ ಬಂತು. ಕೆಂಪಾಜಮ್ಮ ಫ್ರಿಜ್ಜು ತುಂಬ ಹಿಟ್ಟಿಟ್ಟು, ಪಾತ್ರೆ ತರೋಕೆ ಛತ್ರಕ್ಕೆ ಹೋದ್ಲು. ಈ ಸಲ ಹುಳಿ ಆಗಲ್ಲ ಅಂತ ದಾರಿಯುದ್ದಕ್ಕೂ ನಗ್ತಾ ಹೋದ್ಲು ಪಾಪ.

ಅವಳು ಹೋದ ಗಳಿಗೆಗೇ ಕರೆಂಟು ಹೋಯ್ತು.

ಬೋರಲಿಂಗ ಪಕ್ಕದ ಮನೆಗೆ ಓಡಿದ. ಬಾಗಿಲಿಗೆ ಬೀಗ! ಜಯಶೀಲಮ್ಮ ಸಂತೆಗೆ ಹೋಗಿದ್ಲು. ಕೊಟ್ಟ ಮಾತು ಮಾತೇ ತಾನೆ? ಅವಳ ಜಗುಲಿ ಮೇಲೆ ಕೂತ. ಬಿಸಿಲು ಏರ್ತು, ಹಿಟ್ಟೂ ಏರ್ತು. ಫ್ರಿಜ್ಜಿನ ಬಾಗಿಲು ತಳ್ಕೊಂಡು, ಹೊಸಿಲು ದಾಟಿ, ಬೀದಿಗೇ ಬಂತು!

ಸಂಜೆ ಕೆಂಪಾಜಮ್ಮ ಬಂದು ನೋಡಿ ಪಾತ್ರೆಗಳನ್ನ ಅಲ್ಲೇ ಬಿಟ್ಟು ಕುಸಿದು ಕೂತ್ಲು. “ಛತ್ರ ಹೋಯ್ತಲ್ಲೋ! ಯಾಕೋ ಜನರೇಟರು ಹಾಕ್ಲಿಲ್ಲ, ಪಾಪಿ?”

“ಜಯಶೀಲಕ್ಕ ಇನ್ನೂ ಹೂಂ ಅಂದಿಲ್ಲ ಅವ್ವ!”

ಅವಳು ಬಾಯಿ ಬಡ್ಕೊಳ್ತಿರೋವಾಗ್ಲೇ ಕರೆಂಟು ಬಂತು, ಬೀದಿ ದೀಪವೆಲ್ಲ ಹತ್ಕೊಂಡ್ವು. ಹಿಂದೆಯೇ ಜಯಶೀಲಮ್ಮ ಚೀಲ ಹೊತ್ಕೊಂಡು ಬಂದ್ಲು.

“ಅಕ್ಕಾ, ಜನರೇಟರು ಹಾಕ್ಲಾ?”

“ಹೂಂ, ಹಾಕಪ್ಪ, ನಂಗೇನು?”

ಬೋರಲಿಂಗ ಎದ್ದು ಹಿತ್ತಲಿಗೆ ಓಡಿದ. ಜನರೇಟರು ಡಬಡಬ ಅಂತ ಶುರುವಾಯ್ತು.

“ಅವ್ವಾ, ಹೂಂ ಅಂದ್ರು!”